ಕಲ್ಲಡ್ಕದ ಮೋಹಿನಿ

ಬಿ.ಸಿ. ರೋಡಿನಿಂದ ಪಾಣೆಮಂಗಳೂರಿನ ಸೇತುವೆ ದಾಟಿ, ಮೆಲ್ಕಾರ್ ಕಳೆದು ಮಾಣಿಯ ಕಡೆಗೆ ಹೊರಟರೆ ನಡುವೆ ಸಿಗುವ ಊರು ಕಲ್ಲಡ್ಕ. ಈಗ ಪೇಟೆಯ ನೆತ್ತಿಯ ಮೇಲೆ ಮೇಲ್ಸೇತುವೆ ಬಂದಿರುವುದರಿಂದ ಬೆಂಗಳೂರಿಗೆ ಹೋಗುವ ವಾಹನಗಳು ಊರಿನ ಮುಖವನ್ನೇ ಕಾಣದೆ ದಾಟಿಬಿಡುತ್ತವೆ. ಆದರೂ ಕೆಲವರು ಕೆಳಗಿನ ರಸ್ತೆಗೆ ಇಳಿಯುತ್ತಾರೆ. ಕಾರಣ ನಿಮಗೆಲ್ಲ ಗೊತ್ತಿರುವುದೇ: ಕೆ.ಟಿ. ಗಾಜಿನ ಲೋಟದಲ್ಲಿ ಕೆಳಗೆ ಬಿಳಿಯ ಹಾಲು, ಮೇಲೆ ಕೆಂಪು ಡಿಕಾಕ್ಷನ್, ಒಂದಕ್ಕೊಂದು ಬೆರೆಯದೆ ನಿಂತ ಆ ಕಲ್ಲಡ್ಕ ಟೀ. ಕಲ್ಲಡ್ಕದ ವಿಶೇಷವೇನು ಎಂದು ನಮ್ಮ ಜಿಲ್ಲೆಯ ಯಾವ ಮಗುವನ್ನು ಕೇಳಿದರೂ ಇದನ್ನೇ ಹೇಳೀತು. ನೂರು ದಿನ ಓಡಿದ ಮೊದಲ ಕನ್ನಡ ಚಲನಚಿತ್ರದ ನಾಯಕಿ ಹುಟ್ಟಿದ ಊರು ಇದು ಎಂದು ಯಾರೂ ಹೇಳಲಾರರು. ನಾನು ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದವಳು. ತರಗತಿಯಲ್ಲಿ ಒಮ್ಮೆಯೂ ಹೇಳಲಿಲ್ಲ.

ಆಕೆಯ ಹೆಸರು ಪ್ರತಿಮಾ ದೇವಿ. ಹುಟ್ಟಿದಾಗ ಇಟ್ಟ ಹೆಸರು ಮೋಹಿನಿ.

2021ರ ಏಪ್ರಿಲ್ 6ರಂದು ಅವರು ಮೈಸೂರಿನಲ್ಲಿ ತೀರಿಕೊಂಡರು. ಆಗ ಎರಡನೆಯ ಅಲೆಯ ಸುದ್ದಿಯೇ ಪತ್ರಿಕೆಗಳನ್ನು ತುಂಬಿತ್ತು. ಒಳಪುಟದಲ್ಲಿ ಒಂದು ಸಣ್ಣ ಚಿತ್ರ, ಅದರ ಕೆಳಗೆ ಕೆಲವು ಸಾಲು. ನಿರ್ದೇಶಕ ರಾಜೇಂದ್ರಸಿಂಗ್ ಬಾಬು ಅವರ ತಾಯಿ, ನಟಿ ವಿಜಯಲಕ್ಷ್ಮಿ ಸಿಂಗ್ ಅವರ ತಾಯಿ ಎಂದು ಮೊದಲು. ನಟಿ ಎಂದು ಆಮೇಲೆ. ಅದನ್ನು ಓದಿ ಪತ್ರಿಕೆ ಮಡಚಿಟ್ಟ ಮೇಲೂ ಮನಸ್ಸು ಮಡಚಿಕೊಳ್ಳಲಿಲ್ಲ. ಎರಡು ಮುಖಗಳು ಕಣ್ಣ ಮುಂದೆ ಬಂದವು. ಒಂದು, ನನ್ನ ದೊಡ್ಡಮ್ಮನದು. ಇನ್ನೊಂದು, ನಾನು ಪಾಠ ಹೇಳಿದ ಒಬ್ಬ ಹುಡುಗಿಯದು. ಆ ಹುಡುಗಿಯ ವಿಷಯ ಬರೆಯಬೇಕೋ ಬೇಡವೋ ಎಂದು ಇಷ್ಟು ವರ್ಷ ಯೋಚಿಸುತ್ತಲೇ ಇದ್ದೆ.

ಮೊದಲು ದೊಡ್ಡಮ್ಮನ ವಿಷಯ. ಅವಳನ್ನು 1950ರ ಸುಮಾರಿಗೆ ದಾವಣಗೆರೆಗೆ ಕೊಟ್ಟರು. ದೊಡ್ಡಪ್ಪನದು ಅಲ್ಲಿ ಒಂದು ಪುಟ್ಟ ಹೋಟೆಲು. ಘಟ್ಟದ ಮೇಲಿನ ಆ ಬಯಲು ಸೀಮೆಯಲ್ಲಿ ತುಳು ಮಾತನಾಡುವವರಿಲ್ಲ, ಹೊಳೆಯಿಲ್ಲ, ಕುಚ್ಚಲಕ್ಕಿಯಿಲ್ಲ ಎಂದು ಅವಳು ಅತ್ತದ್ದನ್ನು ನನ್ನ ಅಮ್ಮ ಆಗಾಗ ಹೇಳುತ್ತಿದ್ದರು. ಮರುವರ್ಷ ಅಲ್ಲಿಗೆ ‘ಜಗನ್ಮೋಹಿನಿ’ ಬಂತು. ದಾವಣಗೆರೆ ಸೀಮೆಯಲ್ಲಿ ಆ ಚಿತ್ರ ಎಬ್ಬಿಸಿದ ಗದ್ದಲವನ್ನು ಕನ್ನಡ ಚಿತ್ರರಂಗದ ಇತಿಹಾಸ ಬರೆದವರೂ ಮರೆತಿಲ್ಲ. ಹಳ್ಳಿಯ ಜನ ಮತ್ತೆ ಮತ್ತೆ ಬಂದು ನೋಡಿದರೆಂಬುದು ಅಲ್ಲಿ ಇಂದಿಗೂ ದಂತಕಥೆ. ದೊಡ್ಡಮ್ಮ ಹೇಳುತ್ತಿದ್ದ ರೀತಿಯಲ್ಲಿ ಹೇಳಬೇಕಾದರೆ, ಸಂಜೆಯಾಗುತ್ತಲೇ ಎತ್ತಿನ ಗಾಡಿಗಳು ಹೋಟೆಲಿನ ಮುಂದೆ ಸಾಲುಗಟ್ಟುತ್ತಿದ್ದವು, ಇಡ್ಲಿ ಹಿಟ್ಟು ಎಷ್ಟು ರುಬ್ಬಿದರೂ ಸಾಲುತ್ತಿರಲಿಲ್ಲ, ಕೊನೆಗೆ ದೊಡ್ಡಪ್ಪನೇ ಸಂತೋಷಪಟ್ಟು ಅವಳನ್ನು ಕರೆದುಕೊಂಡು ಹೋಗಿ ತೋರಿಸಿದರು. ಅವಳು ಮೂರು ಸಲ ನೋಡಿದಳು. ನೆರೆಮನೆಯವರೊಡನೆ “ಅವಳು ನಮ್ಮ ಕಲ್ಲಡ್ಕದ ಹುಡುಗಿ” ಎಂದಳಂತೆ. ಬಯಲು ಸೀಮೆಯಲ್ಲಿ ಅವಳಿಗೆ ಸಿಕ್ಕಿದ ಮೊದಲ ನಂಟಸ್ತಿಕೆ ಅದು.

ಹೆರಿಗೆಗೆಂದು ಬಂಟ್ವಾಳದ ತವರಿಗೆ ಬಂದಾಗ ಅವಳ ಟ್ರಂಕಿನಲ್ಲಿ ‘ಜಗನ್ಮೋಹಿನಿ’ಯ ಹಾಡಿನ ಪುಸ್ತಕವಿತ್ತು. ಆ ಕಾಲದಲ್ಲಿ ಟಾಕೀಸಿನ ಬಾಗಿಲಲ್ಲೇ ಅವನ್ನು ಮಾರುತ್ತಿದ್ದರು. ಹಾಡುಗಳು, ಕಥಾಸಾರ, ಪಾತ್ರವರ್ಗ, ಕೊನೆಗೆ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಎಂಬರ್ಥದ ಒಂದು ಸಾಲು. ಅಜ್ಜ ಅದನ್ನು ಕಂಡು ರಾದ್ಧಾಂತ ಮಾಡಿದರಂತೆ. ನಾನು ಹುಟ್ಟಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆದರೆ ಆ ಪುಸ್ತಕವನ್ನು ಕಂಡಿದ್ದೇನೆ, ಮುಟ್ಟಿದ್ದೇನೆ. ದೊಡ್ಡಮ್ಮ ರಜೆಯಲ್ಲಿ ಬಂದಾಗಲೆಲ್ಲ ರಾತ್ರಿ ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿ, ಚಿಮಣಿ ದೀಪ ಸಣ್ಣಗೆ ಮಾಡಿ ಆ ಕತೆ ಹೇಳುತ್ತಿದ್ದಳು. ಪ್ರತಿ ಸಲವೂ ಕತೆ ಬೇರೆ. ಒಮ್ಮೆ ಸರ್ಪ ದೊಡ್ಡದು, ಒಮ್ಮೆ ಮಾಂತ್ರಿಕ ದೊಡ್ಡವನು. ಹಾಗಾಗಿ ‘ಜಗನ್ಮೋಹಿನಿ’ಯ ಕತೆಯೇನೆಂದು ನನ್ನನ್ನು ಕೇಳಬೇಡಿ, ನಾನು ಬಲ್ಲದ್ದು ದೊಡ್ಡಮ್ಮನ ಕತೆಯನ್ನು ಮಾತ್ರ. ಆ ಟ್ರಂಕು ನಮ್ಮ ಮನೆಯಲ್ಲೇ ಉಳಿದು, 1974ರ ನೆರೆಯಲ್ಲಿ ನೇತ್ರಾವತಿ ಮನೆಯೊಳಗೆ ಬಂದಾಗ ಒಳಗಿದ್ದುದೆಲ್ಲ ಕೆಸರಿನ ಮುದ್ದೆಯಾಯಿತು. ಅಮ್ಮ ಅಡುಗೆ ಪಾತ್ರೆಗಳಿಗಾಗಿ ಅತ್ತರು. ದೊಡ್ಡಮ್ಮ ಕಾಗದ ಬರೆದು ಕೇಳಿದ್ದು ಒಂದೇ ಪ್ರಶ್ನೆ, ಪುಸ್ತಕ ಏನಾಯಿತು ಎಂದು.

ಇನ್ನು ಮೋಹಿನಿಯ ವಿಷಯ. ಆಕೆ ಹುಟ್ಟಿದ್ದು 1930ರ ದಶಕದ ಆರಂಭದಲ್ಲಿ, ಕಲ್ಲಡ್ಕದ ಶೆಣೈ ಮನೆತನದಲ್ಲಿ. ಬೆಳೆದದ್ದು ಉಡುಪಿಯಲ್ಲಿ. ಹನ್ನೊಂದರ ಎಳೆಯ ವಯಸ್ಸಿಗೇ ನಾಟಕ ಮಂಡಳಿ ಸೇರಿದಳು. ನಮ್ಮ ಮಕ್ಕಳು ಆರನೆಯ ತರಗತಿಯಲ್ಲಿ ಭಿನ್ನರಾಶಿಯ ಲೆಕ್ಕಕ್ಕೆ ಹೆದರಿ ಕೂತಿರುವ ವಯಸ್ಸು ಅದು. 1947ರಲ್ಲಿ ‘ಕೃಷ್ಣಲೀಲಾ’ ಚಿತ್ರದ ಮೂಲಕ ತೆರೆಗೆ ಬಂದಳು. ಅದರಲ್ಲಿ ಕೆಂಪರಾಜ ಅರಸು ಅವರೂ ನಟಿಸಿದ್ದರು, ದೇವರಾಜ ಅರಸು ಅವರ ಸಹೋದರ. ಚಿತ್ರ ತೆಗೆದ ಸಂಸ್ಥೆ ಮೈಸೂರಿನ ಮಹಾತ್ಮಾ ಪಿಕ್ಚರ್ಸ್. ಅದರ ಹಿಂದಿದ್ದ ಇಬ್ಬರು ಗೆಳೆಯರಲ್ಲಿ ಒಬ್ಬರು ಡಿ. ಶಂಕರ್ ಸಿಂಗ್, ಮುಂದೆ ಪ್ರತಿಮಾ ದೇವಿಯವರ ಪತಿಯಾದವರು. ಇನ್ನೊಬ್ಬರು ಬಿ. ವಿಠಲಾಚಾರ್ಯ, ನಮ್ಮ ಉದ್ಯಾವರದವರು. ಆಚಾರ್ಯರು ಊರು ಬಿಟ್ಟು ಅರಸೀಕೆರೆಗೆ ಹೋಗಿ ಹೋಟೆಲು ನಡೆಸಿ, ಅದರಿಂದ ಟೂರಿಂಗ್ ಟಾಕೀಸಿಗೆ, ಟಾಕೀಸಿನಿಂದ ಚಿತ್ರ ತಯಾರಿಕೆಗೆ ಬಂದವರು. ಇಡ್ಲಿ ಸಾಂಬಾರಿನ ದುಡ್ಡು ಕನ್ನಡ ಸಿನಿಮಾದ ಮೊದಲ ಬಂಡವಾಳಗಳಲ್ಲಿ ಒಂದು ಎಂದು ನಾನು ಹೇಳಿದರೆ ಅದು ಊರಿನ ಅಭಿಮಾನ ಮಾತ್ರವಲ್ಲ.

ಗಾಂಧೀಜಿಯ ನೆನಪು ತರುವ ಹೆಸರಿಟ್ಟುಕೊಂಡ ಆ ಸಂಸ್ಥೆ ಮಾಯಾಜಾಲದ ಚಿತ್ರಗಳಿಗೆ ಹೆಸರಾಯಿತೆಂಬುದು ಒಂದು ತಮಾಷೆ. 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ‘ಜಗನ್ಮೋಹಿನಿ’. ಎರಡನೆಯದನ್ನು ನಿರ್ದೇಶಿಸಿದವರು ಶಂಕರ್ ಸಿಂಗ್ ಅವರೇ. ಪ್ರತಿಮಾ ದೇವಿಯವರ ಜೊತೆ ಅದರಲ್ಲಿ ಹರಿಣಿಯವರೂ ಇದ್ದರು, ಅವರೂ ಉಡುಪಿಯವರು. ಕನ್ನಡ ತೆರೆಯ ಮೇಲೆ ಈಜುಡುಗೆ ತೊಟ್ಟು ಬಂದ ಮೊದಲ ನಟಿ ಅವರೆಂದು ಹೇಳುತ್ತಾರೆ. (ಅಜ್ಜನ ಸಿಟ್ಟಿಗೆ ಹಾಡಿನ ಪುಸ್ತಕಕ್ಕಿಂತ ಈ ಸುದ್ದಿಯೇ ಕಾರಣವಾಗಿತ್ತೇನೋ.) ಅದೇ 1951ರಲ್ಲಿ ತೆಲುಗಿನಲ್ಲಿ ‘ಪಾತಾಳಭೈರವಿ’ ಬಂತು, ಮದರಾಸಿನ ದೊಡ್ಡ ಸಂಸ್ಥೆಯ ಬಲದೊಡನೆ. ಅದನ್ನು ಇಂದಿಗೂ ಜನ ನೆನೆಯುತ್ತಾರೆ. ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳು ತಯಾರಾಗುತ್ತಿದ್ದ ಆ ಕಾಲದಲ್ಲಿ, ಮೈಸೂರಿನಲ್ಲಿ ಕುಳಿತು ಕೆಲವೇ ಮಂದಿ ಮಾಡಿದ ಚಿತ್ರ ನೂರು ದಿನ ಓಡಿತೆಂಬುದನ್ನು ಮಾತ್ರ ನಾವು ಮರೆತೆವು. ರಾಜಕುಮಾರ್ ಅವರ ‘ಬೇಡರ ಕಣ್ಣಪ್ಪ’ ಬರಲು ಇನ್ನೂ ಮೂರು ವರ್ಷವಿತ್ತು.

ನಮ್ಮ ಜಿಲ್ಲೆಯ ಮಟ್ಟಿಗಂತೂ ಈ ಮರೆವು ವಿಚಿತ್ರವಾದದ್ದು. ಮೋಹಿನಿಯನ್ನು ನೋಡಲು ನಾವು ರಾತ್ರಿಯಿಡೀ ಗದ್ದೆಯ ಬದುವಿನಲ್ಲಿ ಚಾಪೆ ಹಾಕಿ ಕೂತವರು. ‘ಭಸ್ಮಾಸುರ ಮೋಹಿನಿ’ ಪ್ರಸಂಗದಲ್ಲಿ ಮೋಹಿನಿ ತಲೆಯ ಮೇಲೆ ಕೈಯಿಡುವ ಹೊತ್ತಿಗೆ ನಿದ್ದೆಗಣ್ಣಿನ ಮಕ್ಕಳನ್ನೂ ಅಲುಗಾಡಿಸಿ ಎಬ್ಬಿಸುತ್ತಿದ್ದರು. ಕೋಳ್ಯೂರು ರಾಮಚಂದ್ರ ರಾಯರ, ಪಾತಾಳ ವೆಂಕಟರಮಣ ಭಟ್ಟರ ಸ್ತ್ರೀವೇಷವನ್ನು ನಮ್ಮ ಹಿರಿಯರು ಹೊಗಳುತ್ತಿದ್ದ ಪರಿಯನ್ನು ಕೇಳಿಯೇ ತಿಳಿಯಬೇಕು: ಆ ನಡಿಗೆ, ಆ ಲಜ್ಜೆ, ಆ ಕಣ್ಣು! ಅವರು ಹೊಗಳಿಕೆಗೆ ಅರ್ಹರೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗಂಡಸು ಮೋಹಿನಿಯಾದರೆ ಕಲೆ. ಮೋಹಿನಿ ಎಂಬ ಹೆಸರಿನ ಹೆಣ್ಣುಮಗಳೇ ಬಣ್ಣ ಹಚ್ಚಿದರೆ ಊರಿನವರು ದನಿ ತಗ್ಗಿಸಿ ಮಾತನಾಡುತ್ತಿದ್ದರು. ದೊಡ್ಡಮ್ಮ ಕೂಡ ದಾವಣಗೆರೆಯಲ್ಲಿ ಹೆಮ್ಮೆಯಿಂದ ಹೇಳಿದ “ನಮ್ಮ ಕಲ್ಲಡ್ಕದ ಹುಡುಗಿ” ಎಂಬ ಮಾತನ್ನು ಬಂಟ್ವಾಳದ ಜಗಲಿಯಲ್ಲಿ ಹೇಳುತ್ತಿರಲಿಲ್ಲ. ಒಳಗೆ, ಮಕ್ಕಳ ಚಾಪೆಯ ಹತ್ತಿರ ಹೇಳುತ್ತಿದ್ದಳು.

ಇಂಥ ಚಿತ್ರಗಳ ನಟನೆಯನ್ನು ಓದಿದವರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾವು, ಶಾಪ, ರೂಪಾಂತರ: ಇದರಲ್ಲಿ ಅಭಿನಯವೇನು ಬಂತು ಎಂಬ ಭಾವನೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆಗಿನ ಮಾಯಾಜಾಲಗಳು ಹೇಗೆ ನಡೆಯುತ್ತಿದ್ದವೆಂದು ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಗಣಕಯಂತ್ರದ ಹೆಸರನ್ನೇ ಕೇಳದ ಕಾಲ. ಒಬ್ಬಳು ಸುಂದರಿ ಸರ್ಪವಾಗಬೇಕಾದರೆ ಕ್ಯಾಮೆರಾವನ್ನು ಒಂದಿಷ್ಟೂ ಅಲುಗದಂತೆ ನಿಲ್ಲಿಸಿ, ನಟಿ ಇದ್ದಲ್ಲೇ ಶಿಲೆಯಾಗಿ, ಯಂತ್ರ ನಿಲ್ಲಿಸಿ, ಆಕೆಯನ್ನು ತೆಗೆದು ಆ ಜಾಗದಲ್ಲಿ ಸರ್ಪವನ್ನಿಟ್ಟು, ಮತ್ತೆ ಯಂತ್ರ ಓಡಿಸಬೇಕು. ಪಕ್ಕದಲ್ಲಿರುವ ಇನ್ನೊಬ್ಬ ನಟ ಆ ಹೊತ್ತಿನುದ್ದಕ್ಕೂ ಎತ್ತಿದ ಕೈಯನ್ನು ಎತ್ತಿದಂತೆಯೇ ಹಿಡಿದಿರಬೇಕು. ಒಂದಿಂಚು ಜಾರಿದರೆ ತೆರೆಯ ಮೇಲೆ ಕೈ ಕುಪ್ಪಳಿಸುತ್ತದೆ, ಜನ ನಗುತ್ತಾರೆ. ಒಂದೇ ಫಿಲ್ಮನ್ನು ಎರಡು ಸಲ ಬೆಳಕಿಗೊಡ್ಡಿ ದೆವ್ವವನ್ನು ತೋರಿಸುವ ಉಪಾಯ ಇನ್ನೊಂದು. ಅಲ್ಲಿ ನಟಿ ಎದುರಿಗಿಲ್ಲದ ದೆವ್ವಕ್ಕೆ ಹೆದರಬೇಕು, ಅದೂ ಅಳತೆಯ ಜಾಗದಲ್ಲಿ ನಿಂತು. ಸಾಮಾಜಿಕ ಚಿತ್ರದಲ್ಲಿ ಅಳುವುದಕ್ಕೆ ಎದುರಿಗೆ ಅತ್ತೆಯ ಪಾತ್ರವಾದರೂ ಇರುತ್ತದೆ! ಅಲುಗದೆ ನಿಲ್ಲುವುದು, ಇಲ್ಲದ್ದನ್ನು ಕಾಣುವುದು, ಇವೆರಡೂ ಕಷ್ಟದ ವಿದ್ಯೆಗಳು. ಪ್ರತಿಮಾ ದೇವಿ ಅದರಲ್ಲಿ ಪಳಗಿದ್ದು ಹದಿಹರೆಯದಲ್ಲಿ.

ಆ ವಿದ್ಯೆಯನ್ನು ನಾನು ಕಣ್ಣಾರೆ ಕಂಡದ್ದು ಒಮ್ಮೆ ಮಾತ್ರ. ಅದು ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯ ವೇದಿಕೆಯ ಮೇಲೆ. ಹಳೆಯ ವಿದ್ಯಾರ್ಥಿಗಳಿಗೆ ಯಾವ ಶಾಲೆಯೆಂದು ಗೊತ್ತಾದರೂ ಹುಡುಗಿಯ ಹೆಸರನ್ನು ಇಲ್ಲಿ ಎತ್ತಬೇಡಿ.

1991ರ ಡಿಸೆಂಬರ್. ವಾರ್ಷಿಕೋತ್ಸವಕ್ಕೆ ನಾನೇ ಬರೆದ ‘ಅಹಲ್ಯೆ’ ಎಂಬ ಕಿರುನಾಟಕ. ನಾಟಕ ಚೆನ್ನಾಗಿರಲಿಲ್ಲ, ಮಾತು ಹೆಚ್ಚಾಗಿತ್ತು. ಅಹಲ್ಯೆ ಹತ್ತನೆಯ ತರಗತಿಯ ಹುಡುಗಿ. ತಂದೆ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ತಾಯಿಯೂ ಇವಳೂ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಹೋಂವರ್ಕಿನ ಪುಸ್ತಕಕ್ಕೆ ಹೊಗೆಸೊಪ್ಪಿನ ವಾಸನೆಯಿರುತ್ತಿತ್ತು. ಗೌತಮನ ಶಾಪವಾದೊಡನೆ ಅವಳು ಕಲ್ಲಾಗಿ ನಿಲ್ಲಬೇಕು, ಒಂದು ಹಾಡಾದ ಮೇಲೆ ರಾಮ ಬರಬೇಕು. ಹಾಡು ಮುಗಿಯಿತು, ರಾಮ ಬರಲಿಲ್ಲ. ರಾಮನ ಕಿರೀಟದ ದಾರ ಕಿತ್ತುಹೋಗಿ ಒಳಗೆ ಡ್ರಾಯಿಂಗ್ ಮಾಸ್ಟರರು ಸೂಜಿ ಹುಡುಕುತ್ತಿದ್ದರು. ಹಾರ್ಮೋನಿಯಂ ನುಡಿಸುವವರು ಹಾಡನ್ನು ಇನ್ನೊಮ್ಮೆ ಹಿಡಿದರು, ಮತ್ತೊಮ್ಮೆ ಹಿಡಿದರು. ಹುಡುಗಿ ನಿಂತೇ ಇದ್ದಳು. ಕಣ್ಣು ತೆರೆದುಕೊಂಡೇ ಇತ್ತು. ದೀಪದ ಹುಳವೊಂದು ಬಂದು ಗಲ್ಲದ ಮೇಲೆ ಕುಳಿತು, ಮೂಗಿನವರೆಗೆ ನಡೆದು, ಹಾರಿಹೋಯಿತು. ಗದ್ದಲ ಮಾಡುತ್ತಿದ್ದ ಹಿಂದಿನ ಸಾಲಿನ ಗಂಡುಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾದದ್ದು ನನಗೆ ನೆನಪಿದೆ. ಸಭೆಯಲ್ಲಿ ಯಾರೋ ಒಬ್ಬ ಅಜ್ಜಿ “ಮಗು ಉಸಿರಾಡುತ್ತದಾ ನೋಡಿ” ಎಂದು ಗಾಬರಿಯಿಂದ ಕೂಗಿದರು. ರಾಮ ಬಂದು ಪಾದ ಮುಟ್ಟಿಸಿದಾಗ ಅವಳು ಒಮ್ಮೆಲೇ ಎದ್ದು ನಿಲ್ಲಲಿಲ್ಲ. ಮೊದಲು ಬೆರಳುಗಳು, ಆಮೇಲೆ ಕತ್ತು, ಆಮೇಲೆ ಕಣ್ಣಿನ ರೆಪ್ಪೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅಂದಿನ ಸಭೆಯಲ್ಲಿ ಒಂದು ನಾಟಕ ತಂಡದವರಿದ್ದರು. ಮರುವಾರ ಅವರು ಹುಡುಗಿಯ ತಂದೆಯನ್ನು ಕಂಡು, ರಜೆಯಲ್ಲಿ ತಾಲೀಮಿಗೆ ಕಳಿಸಿಕೊಡಿ, ಊಟ ವಸತಿ ನಾವು ನೋಡಿಕೊಳ್ಳುತ್ತೇವೆ, ಮುಂದೆ ಒಳ್ಳೆಯ ಅವಕಾಶಗಳಿವೆ ಎಂದರು. ತಂಡದಲ್ಲಿ ಹೆಂಗಸರೂ ಇದ್ದರು, ಮರ್ಯಾದಸ್ತರು. ತಂದೆ ಬರಿಗಾಲಿನಲ್ಲಿ ಶಾಲೆಗೆ ಬಂದು, ಸ್ಟಾಫ್‌ರೂಮಿನ ಬಾಗಿಲ ಹೊರಗೆ ನಿಂತು ನನ್ನನ್ನು ಕೇಳಿದರು. “ಟೀಚರ್, ನೀವು ಹೇಳಿದ ಹಾಗೆ. ನಮಗೆ ಇದೆಲ್ಲ ಗೊತ್ತಾಗುವುದಿಲ್ಲ.”

ನಾನು “ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ನೋಡುವ” ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಅಧ್ಯಾಪಕಿಯ ಮಾತಾಗುತ್ತಿತ್ತು. ಅವರು ಮತ್ತೂ ನಿಂತಿದ್ದರು. ಆಗ ನಾನು ದನಿ ತಗ್ಗಿಸಿ, “ಹೆಣ್ಣುಮಗಳಲ್ಲವಾ, ನಾಳೆ ಮದುವೆಗೆ ಕಷ್ಟವಾದೀತು” ಎಂದೆ. ಅದು ನನ್ನ ಅಜ್ಜನ ಮಾತು. ಅವರು ಕೈಮುಗಿದು ಹೋದರು. ಹುಡುಗಿಗೆ ಈ ವಿಷಯ ನಾನು ಹೇಳಲಿಲ್ಲ. ಅವಳು ದ್ವಿತೀಯ ದರ್ಜೆಯಲ್ಲಿ ಪಾಸಾದಳು, ಮುಂದೆ ಓದಲಿಲ್ಲ. ಬೀಡಿಯ ತಡ್ಪೆ ಅವಳ ತೊಡೆಯ ಮೇಲೆ ಮತ್ತೆ ಬಂತು.

ಆ ಮಾತನ್ನಾಡಿದ ಊರು ಬೆಳ್ತಂಗಡಿ ಎಂಬುದು ನನ್ನನ್ನು ಇನ್ನಷ್ಟು ಚುಚ್ಚುತ್ತದೆ. ಏಕೆಂದರೆ ಬೆಳ್ತಂಗಡಿಯಲ್ಲಿ ಹುಟ್ಟಿದ ಇನ್ನೊಬ್ಬ ಬಡ ಹುಡುಗಿ ಇದೇ ಮಹಾತ್ಮಾ ಪಿಕ್ಚರ್ಸಿನ ‘ನಾಗಕನ್ನಿಕಾ’ದಲ್ಲಿ ಸಖಿಯ ಸಣ್ಣ ಪಾತ್ರ ಮಾಡಿ ಚಿತ್ರರಂಗಕ್ಕೆ ಕಾಲಿಟ್ಟವಳು. ಅವರೇ ಲೀಲಾವತಿ. 1958ರಲ್ಲಿ ‘ಮಾಂಗಲ್ಯ ಯೋಗ’ದಲ್ಲಿ ನಾಯಕಿಯಾಗಿ, ಆಮೇಲೆ ನೂರಾರು ಚಿತ್ರಗಳಲ್ಲಿ ನಾಯಕಿಯಾಗಿ, ತಾಯಿಯಾಗಿ ಎಲ್ಲರ ಮನೆಮಾತಾದವರು. 2023ರ ಡಿಸೆಂಬರ್ 8ರಂದು ಅವರು ತೀರಿಕೊಂಡಾಗ ದೂರದರ್ಶನದ ವಾಹಿನಿಗಳೆಲ್ಲ ದಿನವಿಡೀ ಅದನ್ನೇ ತೋರಿಸಿದವು. ಬೆಳ್ತಂಗಡಿಯ ಬಸ್ ನಿಲ್ದಾಣದಲ್ಲಿ ಕೂಡ ಜನ “ನಮ್ಮೂರಿನವರು” ಎಂದು ಗಟ್ಟಿಯಾಗಿಯೇ ಮಾತನಾಡುತ್ತಿದ್ದರು. ಕೇಳಿ ಸಂತೋಷವಾಯಿತು. ಕಲ್ಲಡ್ಕದಲ್ಲಿ ಎರಡೂವರೆ ವರ್ಷ ಹಿಂದೆ ಯಾರೂ ಹಾಗೆ ಮಾತನಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ತಾಯಿಯ ಪಾತ್ರ ಮಾಡಿದವರನ್ನು ನೆನಪಿಡುವುದು ನಮಗೆ ಸುಲಭ. ಸರ್ಪ, ಶಾಪಗಳ ನಡುವೆ ನಿಂತವರನ್ನು ಎಲ್ಲಿಡಬೇಕೆಂದು ನಮಗೆ ತಿಳಿಯುವುದಿಲ್ಲ.

ಆ ಮಾಯಾಜಾಲದ ಎಳೆಯಾದರೂ ಅಲ್ಲಿಗೇ ಕಡಿಯಲಿಲ್ಲ. ವಿಠಲಾಚಾರ್ಯರು ಮದರಾಸಿಗೆ ಹೋಗಿ ತೆಲುಗಿನಲ್ಲಿ ಜಾನಪದ ಚಿತ್ರಗಳ ಸರದಾರರಾದರು. ಹೆಚ್ಚು ಸಂಭಾವನೆ ಕೇಳಿ ತಕರಾರು ಮಾಡಿದ ನಟನ ಪಾತ್ರವನ್ನು ಶಾಪದ ನೆಪದಲ್ಲಿ ಪ್ರಾಣಿಯಾಗಿಸಿ ಉಳಿದ ಚಿತ್ರ ಮುಗಿಸುತ್ತಿದ್ದರೆಂದು ಅವರ ಬಗ್ಗೆ ಒಂದು ಕತೆಯೇ ಇದೆ. ನಿಜವಿರಲಿ ಸುಳ್ಳಿರಲಿ, ಹೋಟೆಲು ನಡೆಸಿ ಲೆಕ್ಕ ಕಲಿತವರಿಗೆ ಒಪ್ಪುವ ಕತೆ. 1978ರಲ್ಲಿ ಅವರು ‘ಜಗನ್ಮೋಹಿನಿ’ ಎಂಬ ಅದೇ ಹೆಸರಿನಲ್ಲಿ ತೆಲುಗಿನಲ್ಲಿ ಚಿತ್ರ ಮಾಡಿದರು. ಜಯಮಾಲಿನಿ ಅದರಲ್ಲಿ ಮೋಹಿನಿ ದೆವ್ವ. ಆ ಚಿತ್ರ ಭಾರಿ ಗೆದ್ದಿತು, ಅದಕ್ಕೆ ಈಗಲೂ ಭಕ್ತರಂಥ ಅಭಿಮಾನಿಗಳಿದ್ದಾರೆ. ಇತ್ತ ಕನ್ನಡದಲ್ಲಿ ಪ್ರತಿಮಾ ದೇವಿಯವರ ಮಗ ರಾಜೇಂದ್ರಸಿಂಗ್ ಬಾಬು 1975ರಲ್ಲಿ ಮಾಡಿದ ಮೊದಲ ಚಿತ್ರವೂ ‘ನಾಗಕನ್ಯೆ’. ನಾನಾಗ ಮೂಡುಬಿದಿರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಸಾವಿರ ಕಂಬದ ಬಸದಿಗೆ ಹೋಗಿಬರುತ್ತೇವೆಂದು ಹೇಳಿ ಮೂವರು ಗೆಳತಿಯರು ಆ ಚಿತ್ರ ನೋಡಿಬಂದೆವು. ಬಸದಿಯ ಕಂಬದಲ್ಲಿ ಏನು ಕಂಡಿರಿ ಎಂದು ಚಿಕ್ಕಮ್ಮ ಕೇಳಿದಾಗ ನಾನು “ನಾಗರ ಕೆತ್ತನೆ” ಎಂದದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಆ ನಿರ್ದೇಶಕರು ನನ್ನ ದೊಡ್ಡಮ್ಮನ ಮೋಹಿನಿಯ ಮಗನೆಂದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳಿಗೊಂದು ಕಾಗದ ಬರೆಯುತ್ತಿದ್ದೆ. ನೆರೆಯಲ್ಲಿ ಪುಸ್ತಕ ಹೋಗಿ ಆಗಿನ್ನೂ ಒಂದೇ ವರ್ಷ.

ಪ್ರತಿಮಾ ದೇವಿಯವರೇನೂ ಮಾಯಾಜಾಲದಲ್ಲೇ ಸಿಕ್ಕಿಕೊಳ್ಳಲಿಲ್ಲ. ‘ದಲ್ಲಾಳಿ’, ‘ಮುಟ್ಟಿದ್ದೆಲ್ಲಾ ಚಿನ್ನ’, ‘ವರದಕ್ಷಿಣೆ’ಯಂಥ ಸಾಮಾಜಿಕ ಚಿತ್ರಗಳೂ, ಭಕ್ತಿಚಿತ್ರಗಳೂ ಸೇರಿ ಅರವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರಿದ್ದರು. ಹೊಸ ಶತಮಾನದ ಮೊದಲ ವರ್ಷಗಳವರೆಗೂ ಆಗೀಗ ಬಣ್ಣ ಹಚ್ಚಿದರು. ರಾಜ್ಯ ಸರ್ಕಾರ ಡಾ. ರಾಜಕುಮಾರ್ ಹೆಸರಿನ ಪ್ರಶಸ್ತಿ ಕೊಟ್ಟು ಗೌರವಿಸಿತು. ಮಕ್ಕಳು ಚಿತ್ರರಂಗದಲ್ಲಿ ದೊಡ್ಡ ಹೆಸರು ಮಾಡಿದರು. ಆಕೆ ಸೋತವರಲ್ಲ, ನಾವು ಮರುಕಪಡಬೇಕಾದವರೂ ಅಲ್ಲ. ಎಂಬತ್ತೆಂಟರ ಆಸುಪಾಸಿನ ತುಂಬು ಬಾಳು. ಹನ್ನೊಂದನೆಯ ವಯಸ್ಸಿನಲ್ಲಿ ಆ ಮನೆಯವರು ನನ್ನಂಥ ಟೀಚರೊಬ್ಬಳ ಸಲಹೆ ಕೇಳಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದಾಗ ಮಾತ್ರ ನನಗೆ ಇರಿಸುಮುರಿಸಾಗುತ್ತದೆ.

ನನ್ನ ಅಹಲ್ಯೆ ಈಗ ಐವತ್ತರ ಹತ್ತಿರ ಬಂದಿದ್ದಾಳೆ. ಮದುವೆಯೇನೂ ಕಷ್ಟವಾಗಲಿಲ್ಲ. ಹೊಲಿಗೆ ಕಲಿತು, ಪೇಟೆಯಲ್ಲಿ ಒಂದು ಕೋಣೆ ಹಿಡಿದು ಅಂಗಡಿ ಇಟ್ಟಿದ್ದಾಳೆ. ಶಾಲೆಗಳ ವಾರ್ಷಿಕೋತ್ಸವದ ತಿಂಗಳಲ್ಲಿ ಮಕ್ಕಳ ವೇಷದ ಬಟ್ಟೆಗಳನ್ನು ರಾತ್ರಿ ಕೂತು ಹೊಲಿಯುತ್ತಾಳೆ. ಇಷ್ಟನ್ನು ಬರೆದ ಮೇಲೆ, ಅವಳಿಗೆ ಓದಿ ಹೇಳದೆ ನಿಮ್ಮ ಮುಂದಿಡುವುದು ಸರಿಯಲ್ಲವೆನಿಸಿತು. ಕಳೆದ ಭಾನುವಾರ ಫೋನ್ ಮಾಡಿ, ಕೈ ನಡುಗುತ್ತಿದ್ದರೂ ಕಾಗದ ಹಿಡಿದು ಓದಿದೆ. ಸ್ಟಾಫ್‌ರೂಮಿನ ಭಾಗ ಬಂದಾಗ ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ನನಗೆ ಗೊತ್ತುಂಟು ಟೀಚರ್” ಎಂದಳು. “ಅಪ್ಪ ಅವತ್ತೇ ಸಂಜೆ ಹೇಳಿದ್ರು. ಆಮೇಲೆ ಎರಡು ವರ್ಷ ಪೇಟೆಯಲ್ಲಿ ನೀವು ಸಿಕ್ಕಿದರೆ ನಾನು ರಸ್ತೆಯ ಆಚೆ ಬದಿಗೆ ಹೋಗ್ತಿದ್ದೆ. ನಿಮಗೆ ಗೊತ್ತಾಗಲಿಲ್ಲ ಅಲ್ವಾ?”

ನನಗೆ ಗೊತ್ತಾಗಿರಲಿಲ್ಲ. ಮಕ್ಕಳು ನಾಚಿಕೆಯಿಂದ ದೂರ ಹೋಗುತ್ತಾರೆಂದು ತಿಳಿದಿದ್ದೆ. ಏನು ಹೇಳಬೇಕೆಂದು ತೋಚದೆ ಸುಮ್ಮನಿದ್ದೆ.

“ಅದಿರಲಿ ಟೀಚರ್, ಅಷ್ಟು ಹೊತ್ತು ಹೇಗೆ ನಿಂತೆ ಅಂತ ನೀವು ಒಂದು ದಿನವೂ ಕೇಳಲಿಲ್ಲ” ಎಂದಳು. “ಎಣಿಸ್ತಾ ಇದ್ದೆ. ಬೀಡಿ ಎಣಿಸಿದ ಹಾಗೆ, ಇಪ್ಪತ್ತೈದಕ್ಕೆ ಒಂದು ಕಟ್ಟು. ಹದಿನಾರನೆಯ ಕಟ್ಟು ಆಗುವಾಗ ರಾಮ ಬಂದ.”